ದರ್ಜಿ ಹೇಳಿದ ಸಿನಿಮಾ

"ಗುರುಗಳೇ, ನೀವು ನಮಗೆ ಸುಳ್ಳು ಹೇಳಿದ್ದು ಯಾಕೆ?" ಎಂದು ಷಡಕ್ಷರಿ ಕೇಳಿದ.

ನಮಸ್ಕಾರವನ್ನೂ ಮಾಡದೆ ಕೇಳಿದ. ಅವನು ಎಂಟು ವರ್ಷದವನಾಗಿದ್ದಾಗ ಈ ಗುರುಗಳ ಬಳಿಗೆ ಓದಲು ಬಂದವನು. ಆಗ ಅವರು ಮಕ್ಕಳಿಗೆ ಒಬ್ಬ ಅಂಬಿಗನ ಕತೆ ಹೇಳಿದ್ದರು. ನೆರೆ ಬಂದ ಹೊಳೆಯಲ್ಲಿ ಊರವರನ್ನೆಲ್ಲ ದಾಟಿಸಿ, ಕೊನೆಗೆ ತಾನೂ ಈಜಿ ದಡ ಸೇರಿದ ಅಂಬಿಗ. ಈಗ ದೊಡ್ಡವನಾದ ಷಡಕ್ಷರಿ ಆ ಕತೆಯ ಮೂಲ ಗ್ರಂಥವನ್ನೇ ಓದಿದ್ದ. ಅದರಲ್ಲಿ ಅಂಬಿಗ ಮುಳುಗಿಹೋಗಿದ್ದ.

"ಮಕ್ಕಳೆಂದು ನಮ್ಮನ್ನು ಏಮಾರಿಸಿದಿರಾ?"

ಗುರುಗಳು ಕೂತುಕೋ ಎಂದರು. ಷಡಕ್ಷರಿ ಕೂರಲಿಲ್ಲ. ಅವನು ನಿಂತಂತೆಯೇ ಅವರು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿಯಿದ್ದ. ಅವನಿಗೆ ಒಬ್ಬಳೇ ಮಗಳು. ಹುಟ್ಟಿನಿಂದಲೇ ಕಣ್ಣು ಕಾಣದವಳು. ಅವಳಿಗೆ ಒಂಬತ್ತು ತುಂಬಿದ ವರ್ಷ ತಾಯಿ ತೀರಿಕೊಂಡಳು. ದರ್ಜಿ ಮಗಳ ಕೈ ಹಿಡಿದು, "ಅಳಬೇಡಮ್ಮ, ನೀನು ಅತ್ತರೆ ನನ್ನ ಕೈಲಿ ತಡೆಯೋಕಾಗಲ್ಲ" ಎಂದ. ಹೇಳಿದ ಮಾತು ಕೇಳುವ ಮಗು. ಅವಳು ಅಳಲಿಲ್ಲ.

ಮೂರು ತಿಂಗಳ ಮೇಲೆ ಊರಿನ ಟಾಕೀಸಿಗೆ ಬೇರೆ ದೇಶದ ಒಂದು ಸಿನಿಮಾ ಬಂತು. ಆಕಾಶನೌಕೆಗಳ ಕತೆ. ದರ್ಜಿ ಮಗಳನ್ನು ಕರೆದುಕೊಂಡು ಹೋದ. ಅದರ ಭಾಷೆ ಇಬ್ಬರಿಗೂ ಬಾರದು. ಅವನು ಪರದೆ ನೋಡುತ್ತ, ಕಂಡದ್ದನ್ನು ಅವಳ ಕಿವಿಯಲ್ಲಿ ಹೇಳುತ್ತ ಹೋದ.

ನಕ್ಷತ್ರಗಳ ನಡುವೆ ಒಂದು ದೀಪಸ್ತಂಭ. ಹಾದುಹೋಗುವ ನೌಕೆಗಳಿಗೆ ದಾರಿ ತೋರಿಸುವುದು ಅದರ ಕೆಲಸ. ಅದನ್ನು ಕಾಯಲು ಒಬ್ಬನೇ ಒಬ್ಬ ಮನುಷ್ಯ. ಭೂಮಿಯಲ್ಲಿ ಅವನಿಗೊಬ್ಬಳು ಪುಟ್ಟ ಮಗಳು. ಒಂದು ದಿನ ಇನ್ನೂರು ಜನರಿದ್ದ ನೌಕೆಯೊಂದು ಉಲ್ಕೆಗಳ ನಡುವೆ ಸಿಕ್ಕಿಕೊಂಡಿತು. ಅದೇ ಹೊತ್ತಿಗೆ ದೀಪ ಆರತೊಡಗಿತು. ಕಾವಲುಗಾರ ತನಗೆ ಉಸಿರಾಡಲು ಗಾಳಿ ಕೊಡುತ್ತಿದ್ದ ಯಂತ್ರದ ತಂತಿ ಕಿತ್ತು ದೀಪಕ್ಕೆ ಜೋಡಿಸಿದ. ದೀಪ ಉರಿಯಿತು. ನೌಕೆ ಪಾರಾಯಿತು.

ಕೊನೆಯ ಹತ್ತು ನಿಮಿಷ ಸಿನಿಮಾದಲ್ಲಿ ಮಾತೇ ಇರಲಿಲ್ಲ, ಬರೀ ಸಂಗೀತ. ದರ್ಜಿಯ ಮಾತೂ ನಿಂತಿತು. ಹುಡುಗಿಯ ಹಿಂದೆ ಯಾರೋ ಬಿಕ್ಕಿದರು. ಪಕ್ಕದಲ್ಲಿ ಇನ್ನೊಬ್ಬರು. ನೋಡುನೋಡುತ್ತ ಟಾಕೀಸಿಗೆ ಟಾಕೀಸೇ ಅಳತೊಡಗಿತು.

"ಅಪ್ಪಾ, ಎಲ್ಲರೂ ಯಾಕೆ ಅಳ್ತಿದಾರೆ?"

ದರ್ಜಿ ಅವಳ ಕಿವಿಗೆ ಬಾಗಿದ. ಆಮೇಲೆ ಹೇಳಿದ: "ಸಂತೋಷಕ್ಕೆ ಕಣಮ್ಮ. ಅವನು ಮನೆಗೆ ಬಂದುಬಿಟ್ಟ. ಬಾಗಿಲು ತಟ್ಟಿದ. ಮಗಳು ಓಡಿಬಂದು ತೆಗೆದಳು."

ಹುಡುಗಿ ಕುಣಿದಾಡಿದಳು. ಅಳುತ್ತಿದ್ದ ಆ ಜನರ ನಡುವೆ ಅವಳೊಬ್ಬಳೇ ಎದ್ದು ನಿಂತು ಚಪ್ಪಾಳೆ ತಟ್ಟಿದಳು.

ಅವಳಿಗೆ ಅಂಥ ಸಿನಿಮಾ ಇನ್ನೊಂದಿಲ್ಲ. ದರ್ಜಿ ಬಟ್ಟೆ ಹೊಲಿಯುತ್ತ ಕುಳಿತಾಗೆಲ್ಲ ಅದನ್ನೇ ಹೇಳು ಎನ್ನುವಳು. ಅವನು ಹೇಳುವನು. ಒಮ್ಮೆ ಅದರಲ್ಲಿ ಒಂದು ನಾಯಿ ಸೇರಿಕೊಂಡಿತು. ಅವಳಿಗೆ ಇಷ್ಟವಾಯಿತೆಂದು ಅದು ಅಲ್ಲೇ ಉಳಿಯಿತು. ಆಮೇಲೆ ಅವಳು ದೂರದ ನಗರದ ಅಂಧರ ಶಾಲೆ ಸೇರಿದಳು. ಅಲ್ಲಿ ಹೊಸಬರು ಮನೆ ನೆನೆದು ಅತ್ತರೆ ಈ ಕತೆ ಹೇಳುತ್ತಿದ್ದಳು. "ಅವನೇ ನಕ್ಷತ್ರದಿಂದ ಮನೆಗೆ ಬಂದ. ನಾವು ಬಸ್ಸಿನಲ್ಲಿ ಹೋಗೋಕಾಗಲ್ವಾ?" ಎನ್ನುತ್ತಿದ್ದಳು.

ಅವಳಿಗೆ ಹದಿನೆಂಟಾದಾಗ ಶಾಲೆಗೆ ಒಂದು ಕಟ್ಟು ಪುಸ್ತಕ ಬಂತು. ಅದರಲ್ಲೊಂದು ಅದೇ ಸಿನಿಮಾದ ಕತೆ. ಒಬ್ಬ ಲೇಖಕ ಮಕ್ಕಳಿಗಾಗಿ ಕನ್ನಡದಲ್ಲಿ ಬರೆದದ್ದು, ಬ್ರೈಲ್ ಲಿಪಿಯಲ್ಲಿ ಅಚ್ಚಾಗಿತ್ತು. ಅವಳು ಯಾರಿಗೂ ಮುಟ್ಟಲು ಬಿಡದೆ ತಾನೇ ಮೊದಲು ಬೆರಳಿಟ್ಟಳು.

ನಾಯಿ ಇರಲಿಲ್ಲ. ಹೋಗಲಿ ಎಂದುಕೊಂಡಳು. ಕಾವಲುಗಾರನ ಹೆಸರು ಬೇರೆಯಾಗಿತ್ತು. ಅದಕ್ಕೂ ಸುಮ್ಮನಾದಳು. ಕೊನೆಯ ಪುಟದಲ್ಲಿ ದೀಪ ಉರಿಯುತ್ತಿತ್ತು, ಕಾವಲುಗಾರ ಸತ್ತು ಬಿದ್ದಿದ್ದ. ಹಾಳೆ ತಪ್ಪಾಗಿ ಹೊಲಿದಿರಬೇಕೆಂದು ಹಿಂದೆ ಮುಂದೆ ತಡಕಿದಳು. ಹಾಳೆಗಳು ಸರಿಯಾಗಿಯೇ ಇದ್ದವು.

ಅವಳ ಮೈ ಉರಿದುಹೋಯಿತು. ಮಕ್ಕಳಿಗೆಂದು ಬರೆಯಲು ಕೂತು, ಬದುಕಿ ಬಂದವನನ್ನು ಕೊಲ್ಲುವುದೇ? ಅಂದೇ ಲೇಖಕನಿಗೆ ಕಾಗದ ಬರೆಸಿದಳು. ನಿಮಗೆ ನಾಚಿಕೆಯಾಗಬೇಕು ಎಂದು ಮೊದಲ ಸಾಲಿನಲ್ಲೇ ಬರೆಸಿದಳು. ಹದಿನೈದು ದಿನಕ್ಕೆ ಉತ್ತರ ಬಂತು. ಶಾಲೆಯ ಟೀಚರು ಓದಿ ಹೇಳಿದರು: "ಸಿನಿಮಾದಲ್ಲಿ ಅವನು ಸಾಯುತ್ತಾನೆ. ಮಕ್ಕಳ ಪುಸ್ತಕ, ಬದಲಾಯಿಸಿ ಎಂದು ನನಗೂ ಹೇಳಿದರು. ನಾನು ಒಪ್ಪಲಿಲ್ಲ. ನೀವು ಆ ಸಿನಿಮಾ ನೋಡಿದ್ದೀರಾ?"

ಮಾರನೆಯ ದಿನ ಬೆಳಗಿನ ಬಸ್ಸಿಗೇ ಅವಳು ಊರಿಗೆ ಬಂದಳು. ದರ್ಜಿ ಹೊಲಿಯುತ್ತಿದ್ದ. ಅವಳು ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು ನಿಂತಳು.

"ಅಪ್ಪಾ, ಅವನು ಮನೆಗೆ ಬಂದನಾ?"

ಹೊಲಿಗೆ ಯಂತ್ರ ನಿಂತಿತು. ಯಾರು ಎಂದು ದರ್ಜಿ ಕೇಳಲಿಲ್ಲ.

"ಆಗ ನಿನಗೆ ಒಂಬತ್ತು ವರ್ಷ" ಎಂದ.

"ಒಂಬತ್ತು ವರ್ಷದ ಬೇರೆ ಮಕ್ಕಳೂ ಅಲ್ಲಿದ್ದರು. ಅವರ ಅಪ್ಪಂದಿರು ಅವರ ಕಣ್ಣು ಮುಚ್ಚಿದರಾ? ಊರಿಗೆ ಊರೇ ಕೂತು ಅಳ್ತಿತ್ತು. ಅವರ ಜೊತೆ ನಾನೂ ಅತ್ತುಬಿಡ್ತಿದ್ದೆ. ಅಮ್ಮನಿಗಾಗಿ ಅಳೋದನ್ನೂ ಅದರಲ್ಲೇ ಸೇರಿಸಿ ಅತ್ತುಬಿಡ್ತಿದ್ದೆ, ಯಾರಿಗೂ ಗೊತ್ತಾಗ್ತಿರಲಿಲ್ಲ. ನೀನು ನನ್ನ ಕೈಲಿ ಚಪ್ಪಾಳೆ ಹೊಡೆಸಿದೆ!"

ದರ್ಜಿ ಮಣೆ ಎಳೆದು ಅವಳನ್ನು ಕೂರಿಸಿದ.

"ಈಗ ಹೇಳು. ಇದ್ದದ್ದನ್ನ ಇದ್ದ ಹಾಗೆ ಹೇಳು."

ಅವನು ಶುರುಮಾಡಿದ. ದೀಪಸ್ತಂಭದಿಂದ ಹಿಡಿದು ತಂತಿ ಕೀಳುವವರೆಗೆ ಸಲೀಸಾಗಿ ಬಂತು. ಅಲ್ಲಿಗೆ ನಿಲ್ಲಿಸಿದ. ಎರಡನೆಯ ಸಲ ಹೇಳಿದ, ಅಲ್ಲಿಯೇ ನಿಂತ. ಮೂರನೆಯ ಸಲವೂ ಅಷ್ಟೇ. ಹೆಂಡತಿ ಹೋದ ದಿನದ ಬಗ್ಗೆಯೂ ಅವನು ಇದುವರೆಗೆ ಯಾರೊಂದಿಗೂ ಒಂದು ಮಾತು ಆಡಿರಲಿಲ್ಲ.

ಮಗಳು ಚೀಲದಿಂದ ಪುಸ್ತಕ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಕೊನೆಯ ಅಧ್ಯಾಯಕ್ಕೆ ಬೆರಳಿಟ್ಟು ಗಟ್ಟಿಯಾಗಿ ಓದಿದಳು. ದನಿಯಲ್ಲಿ ಸಿಟ್ಟು ಇನ್ನೂ ಇತ್ತು. ಎಲ್ಲಿಯೂ ನಿಲ್ಲಿಸಲಿಲ್ಲ, ಎಲ್ಲಿಯೂ ಮೆತ್ತಗಾಗಲಿಲ್ಲ. ಕಾವಲುಗಾರನ ಉಸಿರು ನಿಂತ ಸಾಲಿಗೆ ಬಂದಾಗ ದರ್ಜಿ ಅರ್ಧ ಹೊಲಿದ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡ. ಅವಳು ಕೊನೆಯ ಸಾಲನ್ನೂ ಓದಿ ಮುಗಿಸಿದಳು. ಆಮೇಲೆ ಕೈ ಚಾಚಿ ಅವನ ಮುಖ ಮುಟ್ಟಿದಳು. ಕೆನ್ನೆ ಒದ್ದೆಯಾಗಿತ್ತು.

ಅಂದು ತಂದೆ ಮಗಳು ಇಬ್ಬರೂ ಆ ತಾಯಿಯ ಹೆಸರು ಹಿಡಿದು ಅತ್ತರು. ಆಕೆ ತೀರಿಕೊಂಡು ಆಗಲೇ ಒಂಬತ್ತು ವರ್ಷವಾಗಿತ್ತು.

ಗುರುಗಳು ಕತೆ ನಿಲ್ಲಿಸಿದರು. ಷಡಕ್ಷರಿಯ ಸಿಟ್ಟು ಇಳಿದಿರಲಿಲ್ಲ.

"ಮಗು ತಡೆದುಕೊಳ್ಳಲಾರದು ಎಂಬ ಕನಿಕರದಿಂದ ದರ್ಜಿ ಹಾಗೆ ಮಾಡಿದ. ನಾನೂ ಹಾಗೇ ಮಾಡಿದೆ ಎನ್ನುತ್ತೀರಿ, ಅಲ್ಲವೇ?" ಎಂದ.

ಗುರುಗಳು ಹೇಳಿದರು: "ನಿಮಗೆ ಕೇಳುವ ಶಕ್ತಿ ಇತ್ತು, ಷಡಕ್ಷರಿ, ನನಗೆ ಹೇಳುವ ಶಕ್ತಿ ಇರಲಿಲ್ಲ."