ಗಾಳಿ ತೆಗೆದ ಸೈಕಲ್ಲು

ಹೊಳೆಯ ದಂಡೆಯ ಆ ಆಶ್ರಮದಲ್ಲಿ ಇದ್ದದ್ದು ಒಂದೇ ಸೈಕಲ್ಲು. ಅದರ ಸಲುವಾಗಿ ಆದ ಜಗಳಕ್ಕೆ ಲೆಕ್ಕವಿಲ್ಲ. ಮೊಬೈಲು ಬರುವುದಕ್ಕೆ ಮೊದಲಿನ ಮಾತು ಇದು. ಊರಿಗೆ ಸುದ್ದಿ ಮುಟ್ಟಿಸಬೇಕಾದರೂ, ಹಿಟ್ಟಿನ ಚೀಲ ತರಬೇಕಾದರೂ ಅದೇ ಸೈಕಲ್ಲು ಬೇಕು.

ಅದನ್ನು ನೋಡಿಕೊಳ್ಳುತ್ತಿದ್ದವನು ಶಿಷ್ಯ ಅಡಿವೆಪ್ಪ. ಯಾರೂ ಹೇಳಿದ್ದಲ್ಲ, ತಾನೇ ಮೈಮೇಲೆ ಹಾಕಿಕೊಂಡದ್ದು. ಬೆಳಗಾದರೆ ಗಾಲಿ ಒತ್ತಿ ಗಾಳಿ ನೋಡುವನು. ಚೈನನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಕೊಂಡಿ ಕೊಂಡಿಗೂ ಎಣ್ಣೆ ಬಿಡುವನು. ಪಂಕ್ಚರಾದರೆ ಟ್ಯೂಬನ್ನು ಬೋಗುಣಿ ನೀರಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿ ಏಳುತ್ತದೆ ಅಂತ ರೆಪ್ಪೆ ಬಡಿಯದೆ ಕೂರುವನು. ಧ್ಯಾನಕ್ಕೆ ಅಷ್ಟು ನೆಟ್ಟಗೆ ಕೂತವನಲ್ಲ.

ಕೆಲಸ ಚೊಕ್ಕ, ಬಾಯಿ ಮಾತ್ರ ಬೆಂಕಿ. ಇಂಥವರನ್ನು ನೀವೂ ನೋಡಿರುತ್ತೀರಿ. ಒಂದು ಕೆಲಸ ಮಾಡುತ್ತಾರೆ, ಮಾಡಿದ್ದಕ್ಕೆ ಊರನ್ನೆಲ್ಲ ಬೈಯುತ್ತಾರೆ. ನನಗಂತೂ ಇಂಥವರನ್ನು ಕಂಡರೆ ಮೈ ಉರಿಯುತ್ತದೆ.

ಒಂದು ದಿನ ಇನ್ನೊಬ್ಬ ಶಿಷ್ಯ ಕಲ್ಮೇಶ ಹೊಳೆಯ ಉಸುಕಿನಲ್ಲೇ ಸೈಕಲ್ಲು ತುಳಿದುಕೊಂಡು ಬಂದು ಗೋಡೆಗೆ ಒರಗಿಸಿದ.

"ಚೈನ್ ತುಂಬ ಉಸುಕು! ನಿನ್ನ ಬಾಯಾಗ ಉಸುಕು ತುಂಬಿದ್ರ ಸುಮ್ನ ನುಂಗ್ತೀಯೇನಲೇ?" ಅಡಿವೆಪ್ಪ ಕೂಗಾಡಿದ.

"ಅವಸರ ಇತ್ತೋ ಮಾರಾಯ. ಒರಸ್ತೀನಿ ಬಿಡು."

"ನೀ ಒರಸೋದು ನಾ ಕಂಡಿಲ್ಲೇನು? ಮುಟ್ಟಬ್ಯಾಡ, ದೂರ ಸರಿ!"

ಅದೇ ಸಿಟ್ಟಿನಲ್ಲಿ ಗುರುಗಳ ಹತ್ತಿರ ಹೋದ. ಅವರನ್ನು ಎಲ್ಲರೂ ಅಜ್ಜಾರು ಅನ್ನುತ್ತಿದ್ದರು.

"ಅಜ್ಜಾರ, ಈ ಮಂದಿಗೆ ಒಂಚೂರು ಬುದ್ಧಿ ಹೇಳ್ರಿ. ಹತ್ತಾಕ ಎಲ್ಲಾರೂ ಅದಾರ, ಎಣ್ಣಿ ಬಿಡಾಕ ನಾ ಒಬ್ಬನ."

"ಸೈಕಲ್ ಯಾರ್ದೋ?"

"ಆಶ್ರಮದ್ದು."

"ಸಿಟ್ಟು?"

ಆ ಪ್ರಶ್ನೆಗೆ ಅಡಿವೆಪ್ಪನ ಸಿಟ್ಟು ಇನ್ನಷ್ಟು ಏರಿತು.

ನೆಟ್ಟಗೆ ಸೈಕಲ್ಲಿನ ಹತ್ತಿರ ಬಂದ. ಗಾಲಿಗೆ ಗಾಳಿ ಹಾಕುವ ಮೂತಿಯೊಳಗೆ ಒಂದು ಸಣ್ಣ ರಬ್ಬರ್ ಕೊಳವೆ ಇರುತ್ತದಲ್ಲ, ವಾಲ್‌ಟ್ಯೂಬು, ಅದಿಲ್ಲದಿದ್ದರೆ ಎಷ್ಟು ಪಂಪು ಹೊಡೆದರೂ ಗಾಳಿ ನಿಲ್ಲುವುದಿಲ್ಲ. ಎರಡೂ ಗಾಲಿಯ ವಾಲ್‌ಟ್ಯೂಬು ಕಿತ್ತ. ಗಾಳಿ ಬುಸ್ಸೆಂದು ಹೋಯಿತು. ಕಿತ್ತದ್ದನ್ನು ಧೋತರದ ತುದಿಗೆ ಗಂಟು ಹಾಕಿಕೊಂಡ.

"ಇನ್ನ ಮ್ಯಾಲೆ ಸೈಕಲ್ ಬೇಕಾದಾವರು ನನ್ನ ಕೇಳ್ಬೇಕು," ಎಂದು ಅಂಗಳದಲ್ಲಿ ನಿಂತು ಸಾರಿದ.

ಅಜ್ಜಾರು ಆ ಕಡೆ ಹೋಗುವಾಗ ಕುಸಿದ ಗಾಲಿಗಳನ್ನು ನೋಡಿದರು. ನೋಡಿ, ಹಾಗೇ ಮುಂದೆ ನಡೆದರು.

ಮೊದಲು ಕೇಳಲು ಬಂದವಳು ಸಾಂತವ್ವ. ಆಶ್ರಮದ ಅಡುಗೆಯ ಮುದುಕಿ. ಅಡಿವೆಪ್ಪ ಊಟಕ್ಕೆ ತಡವಾದರೆ ಅವನ ಪಾಲಿನ ರೊಟ್ಟಿಯನ್ನು ಒಲೆಯ ಮಗ್ಗುಲಲ್ಲಿ ಬಿಸಿಯಾಗಿಡುತ್ತಿದ್ದವಳು.

"ಜ್ವಾಳಾ ಬೀಸ್ಕೊಂಡು ಬರ್ಬೇಕಪಾ. ಗಾಳಿ ಹಾಕಿ ಕೊಡು, ಚೀಲ ಹೇರಿ ನೂಕ್ಕೊಂಡು ಹೋಗ್ತೀನಿ."

"ಮೊನ್ನೆ ಕ್ಯಾರಿಯರ್ ಮ್ಯಾಲೆ ಸಾರು ಚೆಲ್ಲಿದಾಕಿ ನೀನ ಅಲ್ಲೇನು?"

"ಒರಸಿದ್ನಲ್ಲೋ."

"ಒರಸಿದ್ದು ಸಾಕು. ಹೊತ್ಕೊಂಡು ಹೋಗು."

ಸಾಂತವ್ವ ಅವನ ಮುಖ ನೋಡಿದಳು. ಆಮೇಲೆ ಸೆರಗಿನ ಸಿಂಬಿ ಸುತ್ತಿ, ಚೀಲ ತಲೆಯ ಮೇಲೆ ಇಟ್ಟುಕೊಂಡು ನಡೆದಳು. ಥೂ, ಅಲ್ಲೇ ಯಾರಾದರೂ ಅವನ ಕಪಾಳಕ್ಕೆ ಬಿಗಿಯಬೇಕಿತ್ತು.

ಸಂತೆಯ ದಿನ ಅಡಿವೆಪ್ಪ ದೋಣಿ ಹತ್ತಿ ಆಚೆ ದಡದ ಪೇಟೆಗೆ ಹೋದ. ಬ್ರೇಕಿನ ರಬ್ಬರು ಸವೆದಿತ್ತು, ಹೊಸದು ತರಬೇಕಿತ್ತು. ಧೋತರದ ಗಂಟು ಅವನ ಸೊಂಟದಲ್ಲೇ ಇತ್ತು.

ಹೊತ್ತು ಇಳಿಯುವಾಗ ತಿರುಗಿ ಬಂದ. ಅಂಗಳದಲ್ಲಿ ಸೈಕಲ್ಲು ಬಿದ್ದಿತ್ತು. ಹಿಂದಿನ ಗಾಲಿಯ ಟೈರು ಹರಿದು ಜೋತುಬಿದ್ದಿತ್ತು. ಟ್ಯೂಬು ಚೂರುಚೂರು. ಕಡ್ಡಿಗಳು ಮುರಿದಿದ್ದವು. ಗಾಲಿಯ ಕಬ್ಬಿಣದ ಬಳೆ, ಅಂದರೆ ರಿಮ್ಮು, ಸೊಟ್ಟಗಾಗಿತ್ತು.

ಅವನ ಕೈಯಲ್ಲಿದ್ದ ಪೊಟ್ಟಣ ಕೆಳಗೆ ಬಿತ್ತು.

"ಯಾವ ಮೂಳ ಮಾಡಿದ್ದಿದು? ಎಲ್ಲದಾನ ಆ ಕಲ್ಮೇಶ? ಇವತ್ತ ಅವನ ಕೈ ಮುರೀದಿದ್ರ ನಾ ಅಡಿವೆಪ್ಪನ ಅಲ್ಲ!"

ಕಟ್ಟೆಯ ಮೇಲೆ ಅಜ್ಜಾರು ಕೂತಿದ್ದರು. ಪಾದ ಒಡೆದು ರಕ್ತ ಒಣಗಿತ್ತು.

"ನಾನೂ ಮಾಡೀನಿ," ಎಂದರು.

"ನೀವಾ? ಅಜ್ಜಾರ, ಗಾಳಿ ಇಲ್ಲದ ಗಾಲಿ ಮ್ಯಾಲೆ ಯಾರಾದ್ರೂ ಭಾರ ಹೇರ್ತಾರೇನ್ರಿ?"

"ಹೇರ್ತಾರ."

"ಏನ್ ಹೇರಿದ್ರಿ ಅಂಥಾದ್ದು?"

"ಸಾಂತವ್ವನ್ನ."

ಅಡಿವೆಪ್ಪನಿಗೆ ಅರ್ಥವಾಗಲಿಲ್ಲ.

"ಕಟಿಗಿ ತರಾಕ ಹಿತ್ತಲಕ್ಕ ಹೋಗಿದ್ಲು," ಅಜ್ಜಾರು ಹೇಳಿದರು. "ಕಾಲಿಗೆ ಹಾವು ಕಡೀತು. ಪಂಪು ತಗೊಂಡು ಹೊಡದ್ವಿ. ಹೊಡದಷ್ಟೂ ಗಾಳಿ ಹೊಳ್ಳಿ ಬಂತು. ಕಡೀಕ ಹಂಗ ಕ್ಯಾರಿಯರ್ ಮ್ಯಾಲೆ ಕುಂಡ್ರಿಸಿದ್ವಿ. ಕಲ್ಮೇಶ ಹ್ಯಾಂಡಲ್ ಹಿಡದ ಎಳದ, ನಾ ಹಿಂದ ಆಕೀನ ಹಿಡ್ಕೊಂಡು ನೂಕಿದೆ. ಕಲ್ಲಿನ ದಾರ್ಯಾಗ ಟೈರು ಕಿತ್ತು ಹೋತು. ಆದ್ರೂ ನಿಲ್ಲಲಿಲ್ಲ."

"ಎಲ್ಲಿಗೆ?"

"ಊರಾನ ಆಸ್ಪತ್ರಿ ತನಕ."

ಅಡಿವೆಪ್ಪನ ಕೈ ಸೊಂಟಕ್ಕೆ ಹೋಯಿತು. ಗಂಟನ್ನು ಮುಟ್ಟಿ, ಸುಟ್ಟುಕೊಂಡವನ ಹಾಗೆ ಕೈ ತೆಗೆದ.

"ಬದುಕ್ಯಾಳೇನ್ರಿ?"

"ನಾ ಬಿಟ್ಟು ಬರುವಾಗ ಉಸುರು ಇತ್ತು. ಕಲ್ಮೇಶ ಅಲ್ಲೇ ಅದಾನ."

"ಬೈರಿ ಅಜ್ಜಾರ. ಹೊಡೀರಿ ನನ್ನ."

"ಬಾಯಿ ಮುಚ್ಚು!" ಅಜ್ಜಾರು ಗುಡುಗಿದರು. ಅವರು ಹಾಗೆ ಗುಡುಗಿದ್ದನ್ನು ಆಶ್ರಮದಲ್ಲಿ ಯಾರೂ ಕೇಳಿರಲಿಲ್ಲ. "ಕುಸಿದ ಗಾಲಿ ನಾನೂ ನೋಡಿದ್ದೆ. ತಾನ ತಿಳ್ಕೊಂತಾನ ಅಂತ ಸುಮ್ನ ಬಿಟ್ಟೆ. ಎಂಥಾ ಗುರುವೋ ನಾನು! ನನಗ ನನ್ನ ಮ್ಯಾಲೆ ಬಂದ ಸಿಟ್ಟ ಇನ್ನೂ ಇಳದಿಲ್ಲ. ನಿಂದು ತಂದು ಅದರ ಮ್ಯಾಲೆ ಹೇರಬ್ಯಾಡ."

ಅವತ್ತು ಒಲೆ ಹೊತ್ತಲಿಲ್ಲ. ಯಾರೂ ಉಣ್ಣಲಿಲ್ಲ.

ಮರುದಿನ ಬೆಳಿಗ್ಗೆ ಕಲ್ಮೇಶ ಆಸ್ಪತ್ರೆಯಿಂದ ನಡೆದುಕೊಂಡೇ ಬಂದ. ಕಣ್ಣು ಕೆಂಪಗಾಗಿತ್ತು.

"ಉಳದ್ಲು," ಎಂದು ಅಜ್ಜಾರಿಗೆ ಹೇಳಿದ. "ಆದ್ರ ತಡಾ ಆತಂತ. ಕಾಲು ಮೊದಲಿನಂಗ ಆಗೋದು ಕಷ್ಟ ಐತಿ ಅಂದ್ರು ಡಾಕ್ಟರು."

ಆಮೇಲೆ ಅಡಿವೆಪ್ಪನ ಕಡೆ ತಿರುಗಿದ. "ನಿನ್ನ ಕೇಳಾಕತ್ಯಾಳ."

ಅಡಿವೆಪ್ಪ ತಲೆ ಎತ್ತಲಿಲ್ಲ. ನಸುಕಿನಿಂದ ಅವನು ಸೈಕಲ್ಲಿನ ಮುಂದೆಯೇ ಕೂತಿದ್ದ. ಗಾಲಿ ಬಿಚ್ಚಿದ್ದ. ಬಳೆಯನ್ನು ಕಲ್ಲಿನ ಮೇಲಿಟ್ಟು ಬಡಿದಿದ್ದ. ಮುರಿದ ಕಡ್ಡಿ ತೆಗೆದು ಬೇರೆ ಹಾಕಿದ್ದ. ಈಗ ಒಂದೊಂದೇ ಕಡ್ಡಿಯನ್ನು ಬಿಗಿಯುತ್ತಿದ್ದ. ಹಲ್ಲು ಕಚ್ಚಿಕೊಂಡು ಬಿಗಿಯುತ್ತಿದ್ದ.

ಗಾಲಿಯ ಕಡ್ಡಿ ಬಿಗಿಯುವುದು ಬಲದ ಕೆಲಸವಲ್ಲ. ಈ ಕಡೆ ಒಂದಿಷ್ಟು ಎಳೆದರೆ ಆ ಕಡೆ ಒಂದಿಷ್ಟು ಸಡಿಲಿಸಬೇಕು. ಅದು ಅಡಿವೆಪ್ಪನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಬಿಗಿದ. ಕಡ್ಡಿ ಟಣ್ಣೆಂದು ಮುರಿದು ಅವನ ಅಂಗೈ ಸೀಳಿತು.

ಅಜ್ಜಾರು ಬಂದು ಎದುರಿಗೆ ಕೂತರು.

"ಈಗ ಯಾರ ಮ್ಯಾಲೋ ಸಿಟ್ಟು?"

"ನನ್ನ ಮ್ಯಾಲ ರೀ."

"ಮತ್ತ ಕಡ್ಡಿ ಯಾಕ ಮುರದಿ?"

ಅಡಿವೆಪ್ಪ ಅತ್ತುಬಿಟ್ಟ. ಗಂಡಸು, ಮೀಸೆ ಹೊತ್ತವನು, ಗ್ರೀಸು ಮೆತ್ತಿದ ಕೈಯಲ್ಲೇ ಕಣ್ಣು ಒರೆಸಿಕೊಂಡ. ಮುಖವೆಲ್ಲ ಕಪ್ಪಾಯಿತು.

"ಏಳು," ಅಜ್ಜಾರು ಹೇಳಿದರು. "ಸಾಂತವ್ವನ ಕಡೆ ಹೋಗು."

"ಹೋಗ್ತೀನ್ರಿ. ಇದೊಂದು ಗಾಲಿ ನೆಟ್ಟಗ ಮಾಡ್ತೀನಿ. ಹೊಸಾ ಟ್ಯೂಬು, ಹೊಸಾ ಟೈರು ಹಾಕ್ತೀನಿ. ಎಲ್ಲಾ ಸರಿ ಮಾಡಿ, ಇದರ ಮ್ಯಾಲೇ ಹೋಗಿ ಆಕೀ ಕಾಲು ಹಿಡೀತೀನಿ. ಈಗ ಹಿಂಗ ಯಾವ ಮಾರಿ ತಗೊಂಡು ಹೋಗ್ಲಿ ಅಜ್ಜಾರ?"

ಅಜ್ಜಾರು ಎದ್ದು ನಿಂತರು. ಅವನ ಕೈಯಿಂದ ಕಡ್ಡಿ ಬಿಗಿಯುವ ಪಾನಾ ಕಿತ್ತುಕೊಂಡು ಹೊಳೆಯ ಕಡೆ ಬೀಸಿ ಒಗೆದರು.

"ಗಾಲಿ ನೆಟ್ಟಗಾದ ಮ್ಯಾಲೆ ಹೋಗ್ತೀಯೇನೋ? ಆಕಿ ಸೊಟ್ಟ ಗಾಲಿ ಮ್ಯಾಲೇ ಹೋದ್ಲಲ್ಲೋ!"