ಓಡಿದ ಕಾಲು

ಹೊಳೆಯ ದಡದಲ್ಲಿ ಸಮಾಧಾನಪ್ಪ ಅಯ್ಯನವರ ಆಶ್ರಮ. ನಾಲ್ಕು ಗುಡಿಸಲು, ಒಂದು ಮರದ ಶಿಲುಬೆ, ಬೆರಳೆಣಿಕೆಯಷ್ಟು ಶಿಷ್ಯರು.

ಶುಭ ಶುಕ್ರವಾರದ ಹಿಂದಿನ ಸಂಜೆ ಅಯ್ಯನವರು ಎಲ್ಲರ ಕಾಲು ತೊಳೆಯುವುದು ಅಲ್ಲಿನ ಪದ್ಧತಿ. ಯೇಸುಸ್ವಾಮಿ ತನ್ನ ಶಿಷ್ಯರಿಗೆ ಮಾಡಿದ್ದನ್ನೇ ಅವರೂ ಮಾಡುತ್ತಿದ್ದರು.

ಶಿಷ್ಯರಿಗೋ ಸಂಕೋಚ. ಗುರುಗಳ ಕೈಗೆ ಕೊಳೆ ತಗಲೀತೆಂದು ಮೊದಲೇ ಹೊಳೆಗಿಳಿದು, ಕಲ್ಲಿನಿಂದ ಹಿಮ್ಮಡಿ ಉಜ್ಜಿಕೊಂಡು ಬಂದು ಕೂರುತ್ತಿದ್ದರು.

"ತೊಳೆದ ಕಾಲನ್ನೇ ತೊಳೆಯೋದಾದ್ರೆ ನನಗೇನ್ರಪ್ಪಾ ಕೆಲಸ?" ಎಂದು ಅಯ್ಯನವರು ಪ್ರತಿವರ್ಷ ಗದರುತ್ತಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಆ ವರ್ಷ ಜೀವರತ್ನನೊಬ್ಬ ಧೂಳುಗಾಲಲ್ಲೇ ಬಂದ. ಬರುವ ಮನಸ್ಸೇ ಅವನಿಗಿರಲಿಲ್ಲ. ದಿನವಿಡೀ ಹೊಂಗೆ ತೋಪಿನಲ್ಲಿ ಅಡಗಿ ಕೂತಿದ್ದವನನ್ನು ಅಯ್ಯನವರೇ ಹೇಳಿಕಳಿಸಿ ಕರೆಸಿದ್ದರು.

ಹಿಂದಿನ ದಿನ ಗುರುಶಿಷ್ಯರಿಬ್ಬರೂ ಹೊಳೆ ದಾಟಿ ಆಚೆ ಊರಿಗೆ ಹೋಗಿದ್ದರು. ಅಲ್ಲಿ ಸಾರಮ್ಮ ಎಂಬ ಅಜ್ಜಿ ಹಾಸಿಗೆ ಹಿಡಿದಿದ್ದಳು. ಆ ಊರಿನಲ್ಲಿ ಯೇಸುವನ್ನು ನಂಬಿದವಳು ಅವಳೊಬ್ಬಳೇ. ದಾರಿಯಲ್ಲಿ ಕೆಲವರು ಅಡ್ಡಗಟ್ಟಿ, ಜೀವರತ್ನನ ಕೊರಳಪಟ್ಟಿ ಹಿಡಿದು, "ನೀನೂ ಇವನ ಶಿಷ್ಯನೇನೋ?" ಎಂದರು.

"ಅಲ್ಲ. ಇವರು ಯಾರೋ ನನಗೆ ಗೊತ್ತಿಲ್ಲ," ಎಂದುಬಿಟ್ಟ ಜೀವರತ್ನ. ಎಂದವನೇ ಕಾಲಿಗೆ ಬುದ್ಧಿ ಹೇಳಿದ.

ಏಟೆಲ್ಲ ಆ ವಯಸ್ಸಾದ ಜೀವಕ್ಕೆ ಬಿತ್ತು. ಈಗ ಅಯ್ಯನವರ ಮೊಣಕಾಲು ಕುಂಬಳಕಾಯಿಯಂತೆ ಊದಿತ್ತು. ಮಂಡಿಯೂರಲಾಗದೆ ನೆಲದ ಮೇಲೆ ತೆವಳುತ್ತಲೇ ಒಬ್ಬೊಬ್ಬರ ಕಾಲು ತೊಳೆಯುತ್ತ ಬಂದರು.

ಜೀವರತ್ನ ಕಾಲನ್ನು ಪಂಚೆಯೊಳಗೆ ಎಳೆದುಕೊಂಡ.

"ಕೊಡಪ್ಪಾ."

"ಬೇಡಿ ಅಯ್ಯನವರೇ. ಇವು ನಿಮ್ಮನ್ನ ಬಿಟ್ಟು ಓಡಿದ ಕಾಲು."

"ಅದಕ್ಕೇ ಇಷ್ಟು ಧೂಳು. ಸದ್ಯ, ಈ ವರ್ಷವಾದ್ರೂ ತೊಳೆಯೋಕೆ ಒಂದು ಜೊತೆ ಕಾಲು ಸಿಕ್ತು."

ಉಳಿದವರು ನಕ್ಕರು. ಜೀವರತ್ನನಿಗೆ ಅಳು ತಡೆಯಲಾಗಲಿಲ್ಲ.

"ನಿಮ್ಮನ್ನ ಗೊತ್ತಿಲ್ಲ ಅಂದಿದ್ದು, ಆ ಯೇಸುಸ್ವಾಮಿಯನ್ನೇ ಗೊತ್ತಿಲ್ಲ ಅಂದ ಹಾಗಲ್ವಾ?"

"ಹೌದು."

ಇಲ್ಲದ್ದನ್ನು ಹೇಳಿ ಸಂತೈಸುವ ಜನ ಅವರಲ್ಲ. ಆದರೆ ಬೆರಳ ಸಂದಿಯನ್ನೂ ಬಿಡದೆ ತೊಳೆದು, ಹೆಗಲ ಮೇಲಿನ ಟವೆಲಿನಿಂದ ಒರೆಸಿದರು. ಬೋಗುಣಿಯ ನೀರು ದಾರಿಯ ಕೆಮ್ಮಣ್ಣಿನಿಂದ ಕೆಂಪಾಗಿತ್ತು.

"ನಿಮಗೆ ಭಯ ಆಗ್ಲಿಲ್ವಾ ಅಯ್ಯನವರೇ?"

"ಆಯ್ತಪ್ಪಾ. ಈಗಲೂ ಇದೆ."

"ಮತ್ತೆ ಹೇಗೆ ನಿಂತ್ರಿ?"

"ಸಾರಮ್ಮ ಕಾಯ್ತಿದ್ಲಲ್ಲ."

ಸಾರಮ್ಮ ಇನ್ನೂ ಕಾಯುತ್ತಲೇ ಇದ್ದಳು. ಶುಭ ಶುಕ್ರವಾರದ ಪ್ರಾರ್ಥನೆ ಇಲ್ಲದೆ ಕಣ್ಣು ಮುಚ್ಚುವುದಿಲ್ಲ ಎಂದು ಹೇಳಿಕಳಿಸಿದ್ದಳು. ಅಡ್ಡಗಟ್ಟಿದವರೂ ಹೇಳಿಕಳಿಸಿದ್ದರು: ಇನ್ನೊಮ್ಮೆ ಬಂದರೆ ಜೀವಸಹಿತ ಹಿಂದಿರುಗುವ ಮಾತಿಲ್ಲ.

ಬೆಳಗಾಯಿತು. ಅಯ್ಯನವರಿಗೆ ಎದ್ದು ನಿಲ್ಲಲೂ ಆಗಲಿಲ್ಲ. ನೀನು ಹೋಗು ಎಂದು ಅವರು ಯಾರಿಗೂ ಹೇಳಲಿಲ್ಲ.

ಜೀವರತ್ನ ಸತ್ಯವೇದವನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡ. ಪಾಪ, ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ.

ಶಿಷ್ಯರ ಹೆಗಲ ಮೇಲೆ ಕೈಹಾಕಿಕೊಂಡು ಅಯ್ಯನವರು ಹೊಳೆಯ ಮೆಟ್ಟಿಲವರೆಗೆ ಬಂದು ಕೂತರು. ಬೋಗುಣಿಯನ್ನೂ ತರಿಸಿಕೊಂಡಿದ್ದರು.

ಜೀವರತ್ನ ಹರಿಗೋಲಿಗೆ ಒಂದು ಕಾಲಿಟ್ಟವನು ಹಿಂದಿರುಗಿ ನೋಡಿದ.

"ಅಯ್ಯನವರೇ, ಇವತ್ತೂ ಓಡಿಬಿಟ್ರೆ?"

ಅಯ್ಯನವರು ಬೋಗುಣಿಯನ್ನು ಹೊಳೆಯಲ್ಲಿ ಅದ್ದಿ, ತುಂಬಿಸಿ, ಪಕ್ಕದಲ್ಲಿಟ್ಟುಕೊಂಡರು.

"ನಾನಿಲ್ಲೇ ಕೂತಿರ್ತೀನಿ ಕಣಪ್ಪಾ. ನೀನು ಓಡಿ ಬಂದ್ರೂ ತೊಳೀತೀನಿ, ನಿನ್ನನ್ನ ಹೊತ್ತು ತಂದ್ರೂ ತೊಳೀತೀನಿ."