ಗುಡ್ಡದಜ್ಜನವರು ಮಂಗನ ಅಂತ್ಯಕ್ರಿಯೆಗೆ ಬಂದದ್ದು

ಹಾಲಗುಂಡಿಯ ಗುಡ್ಡದ ಮೇಲೆ, ಎರಡು ಹೆಬ್ಬಂಡೆಗಳು ತಲೆ ತಾಗಿಸಿಕೊಂಡು ನಿಂತ ಸಂದಿಯಲ್ಲಿ, ಪೂಜ್ಯ ಶ್ರೀ ಮೌನಾನಂದ ಅವಧೂತರು ವಾಸವಾಗಿದ್ದರು. ಒಂದು ಈಚಲ ಚಾಪೆ, ಒಂದು ಜೋಳಿಗೆ, ಒಂದು ಮಣ್ಣಿನ ಕೊಡ, ಇಷ್ಟೇ ಆ ಮಹಾತ್ಮರ ಮಠ. ಭಕ್ತರು ಅವರನ್ನು ಗುಡ್ಡದಜ್ಜ ಎಂದೇ ಕರೆಯುತ್ತಿದ್ದರು. ದಿನಕ್ಕೊಮ್ಮೆ ಊರಿಗಿಳಿದು ಐದು ಮನೆಗಳಲ್ಲಿ ಭಿಕ್ಷೆ ಬೇಡುವರು; ಮೇಲೆ ಹೋಗಿ ರೊಟ್ಟಿಯನ್ನು ಮುರಿದು ಮೊದಲು ಗುಡ್ಡದ ಮಂಗಗಳಿಗೆ ಹಾಕುವರು; ಉಳಿದರೆ ತಾವು ಸ್ವೀಕರಿಸುವರು. ಉಳಿಯದ ದಿನಗಳೇ ಹೆಚ್ಚೆಂದು ಹಿರಿಯರು ಹೇಳುತ್ತಾರೆ. ಅಂಥ ದಿನ ಅಜ್ಜನವರ ಮುಖ ಇನ್ನಷ್ಟು ಕಳೆಕಳೆಯಾಗಿರುತ್ತಿತ್ತಂತೆ. ಮಂಗಗಳ ಮುಖವಂತೂ ಕೇಳುವುದೇ ಬೇಡ.

ಆ ಗುಡ್ಡದ ಬುಡದಲ್ಲೇ ತಿಮ್ಮನಗೌಡನ ಪೇರಲ ತೋಟ. ಗೌಡ ಕಷ್ಟಪಟ್ಟು ದುಡಿಯುವವನು, ಮಾತಿನಲ್ಲಿ ಖಾರ, ಮೀಸೆಯಲ್ಲಿ ಅದಕ್ಕಿಂತ ಖಾರ. ಅಜ್ಜನವರೆಂದರೆ ಅವನಿಗೆ ಅಷ್ಟಕ್ಕಷ್ಟೆ. ಒಮ್ಮೆ ಗುಡ್ಡ ಹತ್ತಿ ಹೋಗಿ ಮುಖಕ್ಕೆ ಮುಖ ಕೊಟ್ಟೇ ಕೇಳಿದ್ದ.

“ಅಜ್ಜಾರ, ನೀವು ರೊಟ್ಟಿ ಹಾಕಿ ಈ ಸಂಸಾರ ಬೆಳಸ್ತೀರಿ. ಅದು ಬಂದು ನನ್ನ ತೋಟ ಉಣ್ಣತೈತಿ. ಇದು ಯಾವ ಊರಿನ ಧರ್ಮರಿ?”

ಅಜ್ಜನವರು ಕೈಯಲ್ಲಿದ್ದ ರೊಟ್ಟಿಯಲ್ಲಿ ಅರ್ಧ ಮುರಿದು, “ಉಣ್ಣು, ಗೌಡಾ,” ಎಂದು ಅವನ ಮುಂದೆ ಹಿಡಿದರು. ಮಂಗಗಳ ಪಂಕ್ತಿಯಲ್ಲಿ ತನ್ನನ್ನೂ ಕೂರಿಸಿದರಲ್ಲಾ ಎಂದು ಗೌಡನಿಗೆ ಮೈ ಉರಿಯಿತು. ರೊಟ್ಟಿಯನ್ನು ಅಲ್ಲೇ ಬಂಡೆಯ ಮೇಲಿಟ್ಟು ದಡದಡನೆ ಇಳಿದು ಬಂದ. ಅದನ್ನು ಒಂದು ಮುದಿ ಗಂಡು ಮಂಗ ಎತ್ತಿಕೊಂಡಿತು. ಹಳೆಯ ಕಾದಾಟವೊಂದರಲ್ಲಿ ಅದರ ಎಡಗಿವಿ ಹರಿದುಹೋಗಿತ್ತು. ಅಂದಿನಿಂದ ಆ ಒಕ್ಕಿವಿಯ ಮಂಗನಿಗೂ ಗೌಡನಿಗೂ ನೇರ ವೈರ.

ಮುಂದೆ ಗೌಡನ ಒಬ್ಬಳೇ ಮಗಳು ರುಕ್ಮವ್ವನಿಗೆ ಲಗ್ನ ನಿಶ್ಚಯವಾಯಿತು. ಬೀಗರು ಕಟ್ಟಾ ಸಂಪ್ರದಾಯದವರು. ಅವರಿಗೆ ಬುಟ್ಟಿ ತುಂಬ ಕಳಿಸಬೇಕೆಂದು ಗೌಡ ಒಂದು ಗಿಡದ ಹಣ್ಣನ್ನು ಯಾರೂ ಮುಟ್ಟದಂತೆ ಕಾದುಕೊಂಡಿದ್ದ. ಲಗ್ನಕ್ಕೆ ಇನ್ನು ನಾಲ್ಕೇ ದಿನ ಎನ್ನುವಾಗ, ಬೆಳ್ಳಂಬೆಳಿಗ್ಗೆ ನೋಡಿದರೆ ಅದೇ ಗಿಡದ ತುದಿಯಲ್ಲಿ ಒಕ್ಕಿವಿಯ ಮಂಗ ಕೂತಿದೆ! ಒಂದು ಹಣ್ಣು ಕಚ್ಚುತ್ತದೆ, ಗೌಡನನ್ನು ನೋಡುತ್ತದೆ, ಬಿಸಾಕುತ್ತದೆ. ಇನ್ನೊಂದು ಕೀಳುತ್ತದೆ. ಗೌಡ ಕವಣೆ ಬೀಸಿದ. ಮಂಗ ಹಣ್ಣಿನ ಸಮೇತ ದೊಪ್ಪನೆ ಕೆಳಗೆ ಬಿದ್ದು ಅಲುಗಾಡದೆ ಮಲಗಿಬಿಟ್ಟಿತು.

ಹಾಲಗುಂಡಿಯಲ್ಲಿ ಮಂಗ ಸತ್ತರೆ ಸಣ್ಣ ಸಂಗತಿಯಲ್ಲ. ಅದು ಹನುಮಪ್ಪನ ಬಳಗ. ಅದಕ್ಕೂ ಚಟ್ಟ, ಹೂವು, ಭಜನೆ, ಮಣ್ಣು ಎಲ್ಲವೂ ಮನುಷ್ಯರಿಗೆ ಆದಂತೆಯೇ ಆಗಬೇಕು. ಕೊಂದವನು ಅದಕ್ಕೆ ಮಗನಾಗಿ ನಿಂತು ಮೀಸೆ ಬೋಳಿಸಿ, ಚಟ್ಟಕ್ಕೆ ಹೆಗಲು ಕೊಟ್ಟು, ಹನ್ನೊಂದು ದಿನ ಸೂತಕ ಹಿಡಿಯಬೇಕು. ಸುದ್ದಿ ತಿಳಿದು ಊರ ಹಿರಿಯರೆಲ್ಲ ಹನುಮಪ್ಪನ ಕಟ್ಟೆಗೆ ಸೇರಿದರು.

“ನಾ ಬರೇ ಅಂಜಸಾಕ ಒಗದೆರಿ. ಟೊಂಗಿಗೆ ಗುರಿ ಇಟ್ಟಿದ್ದೆ,” ಎಂದ ಗೌಡ.

“ಟೊಂಗಿ ಸತ್ತಿಲ್ಲಲ್ಲ, ಗೌಡ್ರ,” ಎಂದರು ಹಿರಿಯ ಯಂಕಪ್ಪನವರು. “ಸೂತಕ ಅಂದ್ರ ಸೂತಕ. ಲಗ್ನ ಮುಂದಕ ಹಾಕ್ರಿ.”

ಮುಹೂರ್ತ ತಪ್ಪಿದರೆ ಆ ಬೀಗರು ಮತ್ತೆ ಈ ಹೊಸ್ತಿಲು ತುಳಿಯುವವರಲ್ಲ. ಹೆಂಗಸರ ಗುಂಪಿನಲ್ಲಿ ನಿಂತ ಮಗಳ ಕಡೆ ನೋಡಲು ಗೌಡನಿಗೆ ಧೈರ್ಯವಾಗಲಿಲ್ಲ. ಆದರೆ ನಿಜ ಹೇಳಬೇಕೆಂದರೆ, ಬೆಳಗಿನಿಂದ ಅವನನ್ನು ಕೊರೆಯುತ್ತಿದ್ದುದು ಲಗ್ನವೊಂದೇ ಅಲ್ಲ. ಕವಣೆ ಬೀಸುವಾಗ ಗುರಿ ಎಲ್ಲಿತ್ತೆಂಬುದು ಅವನೊಬ್ಬನಿಗೇ ಗೊತ್ತಿತ್ತು.

ಮಂಗನನ್ನು ಚಟ್ಟದ ಮೇಲೆ ಮಲಗಿಸಿ, ಹಣೆಗೆ ಅರಿಸಿನದ ಭಂಡಾರ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿದರು. ಅದು ಕಚ್ಚಿದ್ದ ಪೇರಲ ಹಣ್ಣನ್ನೂ ತಂದು ಪಕ್ಕದಲ್ಲಿಟ್ಟರು. ತಲೆಯ ಹತ್ತಿರ ಒಂದು ಕಟ್ಟು ಊದಿನಕಡ್ಡಿ ಹೊಗೆಯಾಡಿತು, ಭಜನೆಯವರು ತಾಳ ಹಿಡಿದರು. ಅಜ್ಜನವರನ್ನು ಕರೆತರಲು ಇಬ್ಬರು ಗುಡ್ಡಕ್ಕೆ ಓಡಿದರು. ಇತ್ತ ಹಡಪದ ನಿಂಗಪ್ಪ ಗೌಡನನ್ನು ಕಟ್ಟೆಯ ಕೆಳಗೆ ಕೂರಿಸಿ ಕತ್ತಿ ಮಸೆದ. ಮೀಸೆಯ ಎಡಭಾಗ ಹೋಗಿ ಬಲಭಾಗಕ್ಕೆ ನೀರು ಹಚ್ಚುವ ಹೊತ್ತಿಗೆ, “ಅಜ್ಜಾರು ಬಂದ್ರು!” ಎಂದು ಗುಂಪು ದಾರಿ ಬಿಟ್ಟಿತು. ನಿಂಗಪ್ಪ ಕತ್ತಿ ಕೆಳಗಿಟ್ಟು ಕೈ ಮುಗಿದು ನಿಂತ.

ಅಜ್ಜನವರು ಚಟ್ಟದ ಪಕ್ಕದಲ್ಲಿ ನೆಲದ ಮೇಲೇ ಕುಳಿತರು. ಒಂದು ಗಳಿಗೆ ಮಂಗನ ಹೊಟ್ಟೆಯನ್ನೇ ನೋಡಿದರು.

“ಆ ಊದಿನಕಡ್ಡಿ ಆಚೆ ಇಡ್ರಿ. ಉಸಿರು ಕಟ್ಟತೈತಿ,” ಎಂದರು.

ವಯಸ್ಸಾದ ಅಜ್ಜನವರಿಗೆ ಹೊಗೆ ಆಗದೆಂದು ತಿಳಿದು ಯಂಕಪ್ಪನವರು ಕಡ್ಡಿಗಳನ್ನು ದೂರ ಸರಿಸಿದರು. ಆಮೇಲೆ ಅಜ್ಜನವರು ಗೌಡನನ್ನು ಕರೆದರು. ಅರ್ಧ ಮೀಸೆ ಹೊತ್ತುಕೊಂಡು ಅವನು ಬಂದು ನಿಂತಾಗ ಸಾವಿನ ಮನೆಯ ಮರ್ಯಾದೆ ಮರೆತು ನಾಲ್ಕು ಜನ ನಕ್ಕರು. ಅಜ್ಜನವರು ನಗಲಿಲ್ಲ.

“ಇದಕ್ಕ ಏನರ ಹೇಳೂದು ಇದ್ರ ಹೇಳಿಬಿಡು, ತಮ್ಮಾ.”

ಗೌಡ ಮಂಡಿಯೂರಿ ಮಂಗನ ಕಿವಿಯ ಹತ್ತಿರ ಬಾಗಿ ಏನೋ ಗುಣುಗುಟ್ಟಿದ.

“ಅದು ಹರಿದ ಕಿವಿ,” ಎಂದರು ಅಜ್ಜನವರು. “ಮ್ಯಾಲ ಮುದುಕ ಆಗೇತಿ. ಗಟ್ಟಿಯಾಗಿ ಹೇಳು.”

ಗೌಡ ತಲೆಯೆತ್ತಿ ಸುತ್ತ ನೋಡಿದ. ಇಡೀ ಊರು ಕಿವಿ ನಿಮಿರಿಸಿ ನಿಂತಿತ್ತು. ಇಷ್ಟು ಜನರ ಮುಂದೆ ತಲೆ ತಗ್ಗಿಸುವುದು ಅವನ ಜಾಯಮಾನಕ್ಕೆ ಒಗ್ಗಿದ್ದಲ್ಲ. ಆದರೆ ಚಟ್ಟದ ಮೇಲೆ ಬಿದ್ದ ಆ ಸಣ್ಣ ಕೈ, ಅದರ ಕಪ್ಪು ಉಗುರು, ಅಂಗೈಯ ಗೆರೆ ನೋಡುತ್ತ ಅವನಿಗೆ ಒಳಗಿನಿಂದ ಅಳು ಒತ್ತಿಕೊಂಡು ಬಂತು.

“ನಾ ಸುಳ್ಳು ಹೇಳೀನಿ!” ಎಂದ, ಎಲ್ಲರಿಗೂ ಕೇಳುವಂತೆ. “ಟೊಂಗಿಗೆ ಗುರಿ ಇಟ್ಟಿರಲಿಲ್ಲ. ನಿನ್ನ ತಲಿಗೇ ಇಟ್ಟಿದ್ದೆ. ನೀ ಸಾಯಬೇಕು ಅಂತನ ಒಗದೆ. ನೀ ಏನು ಮಾಡೀದಿ? ಹಸಿವಿಗೆ ಒಂದು ಹಣ್ಣು ಕಿತ್ತಿ. ತೋಟ ಇಡೋಕಿಂತ ಮೊದಲ ಈ ಗುಡ್ಡದಾಗ ನಿಮ್ಮ ಮಂದೀನ ಇತ್ತು. ತಪ್ಪಾತಪ್ಪಾ, ನನ್ನ ತಪ್ಪಾತು.”

ಅವನು ಮಂಗ ಕಚ್ಚಿದ್ದ ಪೇರಲ ಹಣ್ಣನ್ನು ಎತ್ತಿ ಅದರ ಅಂಗೈಯಲ್ಲಿಟ್ಟ. “ತಗೋ, ಇದು ನಿಂದ.”

ಬೆರಳುಗಳು ಮಡಚಿಕೊಂಡವು.

ಮೊದಲು ಕಂಡವಳು ರುಕ್ಮವ್ವ. “ಯಪ್ಪಾ, ಹಿಡಕೊಂಡೈತಿ!” ಎಂದು ಕೂಗಿದಳು. ಅಷ್ಟರಲ್ಲಿ ಮಂಗ ಒಂದು ಕಣ್ಣು ತೆರೆಯಿತು, ಸೀನಿತು, ಚಟ್ಟದ ಮೇಲೆ ಎದ್ದು ಕೂತು ಹಣ್ಣು ಕಚ್ಚಿತು. ತಾಳದವನು ತಾಳ ಎಸೆದು ಓಡಿದ. ಮುಂದಿದ್ದವರು ಹಿಂದಿದ್ದವರ ಮೇಲೆ ಬಿದ್ದರು. ಮಂಗ ಹಣ್ಣು ಮುಗಿಸಿ, ಮಾಲೆಯ ಎರಡು ಹೂವು ರುಚಿ ನೋಡಿ ಉಗುಳಿ, ಯಂಕಪ್ಪನವರ ತಲೆಯ ರುಮಾಲು ಕಿತ್ತುಕೊಂಡು ಬೇವಿನ ಮರ ಏರಿತು. ಕಟ್ಟೆಯ ಮುಂದೆ ನಗುವೋ ನಗು.

“ಸತ್ತ ಜೀವ ಎಬ್ಬಿಸಿದ್ರು!” ಎಂದು ಜನ ಅಜ್ಜನವರ ಪಾದಕ್ಕೆ ಬೀಳತೊಡಗಿದರು.

“ಎಬ್ಬಿಸಿದ್ದು ಪೇರಲ ಹಣ್ಣು,” ಎಂದು ಅಜ್ಜನವರು ಜೋಳಿಗೆ ಹೆಗಲಿಗೇರಿಸಿ ಹೊರಟೇಬಿಟ್ಟರು.

ಗೌಡ ಹಿಂದೆಯೇ ಓಡಿ ಕೆರೆಯ ಏರಿಯ ಮೇಲೆ ಅವರನ್ನು ಹಿಡಿದ. “ಅಜ್ಜಾರ, ಖರೇ ಹೇಳ್ರಿ. ಅದು ಸತ್ತಿಲ್ಲ ಅಂತ ನಿಮಗ ಮೊದಲ ಗೊತ್ತಿತ್ತಲ್ಲ? ಹೊಟ್ಟಿ ಆಡೂದು ನೋಡಿದ್ರಿ. ಮತ್ತ ಯಾಕ ನನ್ನ ಕಡೆ ಅಷ್ಟೆಲ್ಲ ಹೇಳಿಸಿದ್ರಿ?”

ಅಜ್ಜನವರು ಅವನ ಅರ್ಧ ಮೀಸೆಯನ್ನು ನೋಡಿ ಈಗ ಮನಸಾರೆ ನಕ್ಕರು.

“ಮಂಗ್ಯಾ ಬದುಕೇತಿ ಅನ್ನೂದು ಗೊತ್ತಿತ್ತಪಾ. ನೀ ಬದುಕಿದಿಯೋ ಇಲ್ಲೋ, ಅದನ್ನ ನೋಡಬೇಕಾಗಿತ್ತು.”

ಗೌಡ ಮರಳಿ ಕಟ್ಟೆಗೆ ಬಂದಾಗ ಹಡಪದ ನಿಂಗಪ್ಪ ಏನು ಮಾಡಬೇಕೆಂದು ತೋಚದೆ ಕಾಯುತ್ತಿದ್ದ. ಗೌಡ ಅವನ ಮುಂದೆ ಕೂತು ಮುಖ ಚಾಚಿದ.

“ತಗಿ, ನಿಂಗಪ್ಪಾ. ಉಳಿದದ್ದನ್ನೂ ತಗಿ.”

“ಬ್ಯಾಡ್ರಿ ಗೌಡ್ರ!” ಎಂದು ಯಂಕಪ್ಪನವರು ಬೋಳುತಲೆಯಲ್ಲೇ ಓಡಿ ಬಂದರು. “ಈಗ ಸೂತಕ ಎಲ್ಲೈತಿ? ಯಾರು ಸತ್ತಾರ?”

“ಮುಂಜಾನೆ ಮಂಗ್ಯಾನ ತಲಿಗೆ ಗುರಿ ಇಟ್ಟಾಂವ ಸತ್ತಾನರಿ,” ಎಂದ ಗೌಡ. “ಅವಂಗ ಇಷ್ಟರ ಆಗಲಿ.”

ನಾಲ್ಕು ದಿನದ ಮೇಲೆ ಲಗ್ನ ನಿರ್ವಿಘ್ನವಾಗಿ ನಡೆಯಿತು. ಬೀಗರಿಗೆಂದು ಕಾದಿಟ್ಟ ಗಿಡದ ಮೊದಲ ಬುಟ್ಟಿ ಮಾತ್ರ ಅವರ ಊರಿಗೆ ಹೋಗಲಿಲ್ಲ. ಮರುದಿನ ಗೌಡ ಅದನ್ನು ತಾನೇ ತಲೆಯ ಮೇಲೆ ಹೊತ್ತು ಗುಡ್ಡ ಹತ್ತಿದ. ಅಜ್ಜನವರು ಭಿಕ್ಷೆ ಮುಗಿಸಿ ಬಂದು ಬಂಡೆಯ ಮೇಲೆ ಕುಳಿತಿದ್ದರು. ಸುತ್ತಲೂ ಮಂಗಗಳ ಪಂಕ್ತಿ. ನಡುವೆ ಒಕ್ಕಿವಿಯ ಮುದುಕ, ಕೊರಳಲ್ಲಿ ಯಂಕಪ್ಪನವರ ರುಮಾಲಿನ ಒಂದು ಚೂರು. ಗೌಡ ಬುಟ್ಟಿ ಇಳಿಸಿ, ಅಜ್ಜನವರ ಪಾದಕ್ಕೆ ಹಣೆ ಹಚ್ಚಿ, ಒಕ್ಕಿವಿಯ ಮಂಗನ ಪಕ್ಕದಲ್ಲಿ ಸ್ವಲ್ಪ ಜಾಗ ಮಾಡಿಕೊಂಡು ಕೂತ.

ಅಜ್ಜನವರು ಅರ್ಧ ರೊಟ್ಟಿ ಮುರಿದು ಅವನ ಮುಂದೆ ಹಿಡಿದರು. ಗೌಡ ಎರಡೂ ಕೈ ಚಾಚಿ ತೆಗೆದುಕೊಂಡು, ಒಂದು ಚೂರನ್ನು ಪಕ್ಕದವನಿಗೆ ಕೊಟ್ಟು, ಉಳಿದದ್ದನ್ನು ಉಂಡ.